ಸ್ಕೀ ಕೊಳ್ಳುವ ಮುನ್ನ ತೂಕವನ್ನೂ ಕೇಳಿ
ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗ್‌ನ ಹಿಮದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಮೇಲೆ, ಬಿಸಿಲ ನಾಡು ಯಾದಗಿರಿಯ ಕೊಂಕಲ್‌ನಲ್ಲಿ ಕೂತು ಸ್ಕೀ ಬಗ್ಗೆ ಬರೆಯಲು ನನಗೆ ಸಂಕೋಚವಿಲ್ಲ. ಅವರದು ಕ್ರಾಸ್ ಕಂಟ್ರಿ, ಏರು ಇಳಿವುಗಳಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವ ಕಸುವಿನ ಆಟ. ಅದರ ಕ್ಲಾಸಿಕ್ ಶೈಲಿಯ ಸ್ಕೀ ಆಳಿಗಿಂತ ಸುಮಾರು 20 ಸೆಂ.ಮೀ. ಉದ್ದ ಇರುತ್ತದೆ. ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಯಾದರೆ ಗದ್ದಕ್ಕೂ ನೆತ್ತಿಗೂ ನಡುವೆ ಬಂದರೆ ಸಾಕು. ಹೊಸಬರಿಗೆ ಗದ್ದದ ಮಟ್ಟವೇ ಲೇಸು, ಗಿಡ್ಡದ್ದು ಸುಲಭವಾಗಿ ತಿರುಗುತ್ತದೆ. ಆದರೆ ಎತ್ತರವೊಂದನ್ನೇ ನೋಡಿ ಕೊಳ್ಳಬಾರದು. ಸ್ಕೀಯ ನಡುಭಾಗ ಕೊಂಚ ಕಮಾನಾಗಿ ಮೇಲೆದ್ದಿರುತ್ತದೆ, ಅದನ್ನು ಬಗ್ಗಿಸುವುದು ಆಳಿನ ತೂಕ. ತೂಕ ಸಾಲದಿದ್ದರೆ ಕ್ಲಾಸಿಕ್ ಸ್ಕೀ ಹಿಮವನ್ನು ಹಿಡಿಯದೆ ಹಿಂದಕ್ಕೆ ಜಾರುತ್ತದೆ. ಹೆಚ್ಚಾದರೆ ನಡುಭಾಗ ಸದಾ ಹಿಮಕ್ಕೆ ಒತ್ತಿಕೊಂಡು ವೇಗ ತಗ್ಗುತ್ತದೆ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು: ಎರಡೂ ಸ್ಕೀ ಮೇಲೆ ಸಮವಾಗಿ ನಿಂತಾಗ ಪಾದದ ನೇರಕ್ಕೆ ಸ್ಕೀಯ ಅಡಿಯಲ್ಲಿ ಕಾಗದದ ಹಾಳೆ ಸಲೀಸಾಗಿ ಸರಿದಾಡಬೇಕು, ಒಂದರ ಮೇಲೇ ಭಾರ ಹಾಕಿದಾಗ ಸಿಕ್ಕಿಕೊಳ್ಳಬೇಕು. ಬೆಳೆಯುವ ಹುಡುಗ ಎಂದು ಎರಡು ವರ್ಷಕ್ಕಾಗುವಷ್ಟು ದೊಡ್ಡ ಅಂಗಿ ಹೊಲಿಸುವ ರೂಢಿ ನಮ್ಮಲ್ಲಿದೆ. ಸ್ಕೀ ವಿಷಯದಲ್ಲಿ ಅದು ಬೇಡವೇ ಬೇಡ. ಉದ್ದ ಹೆಚ್ಚಾದರೆ ಮಗುವಿನ ಹತೋಟಿಗೆ ಸಿಗದು, ಬಿದ್ದರೆ ಮೊಣಕಾಲಿಗೆ ಪೆಟ್ಟು. ಪರದೇಶದಲ್ಲಿರುವ ಅಣ್ಣನ ಮಕ್ಕಳಿಗೆ ಉಡುಗೊರೆ ಕೊಡಬೇಕೆಂದಿರುವ ಕಾಕಾ, ಕಾಕಿಯರೇ, ದಯವಿಟ್ಟು ಮೊದಲು ಅವರ ಎತ್ತರ, ತೂಕ, ಆಡುವ ಬಗೆ ಮೂರನ್ನೂ ಕೇಳಿಕೊಳ್ಳಿ. ಕಲಿಯುವ ಮೊದಲ ಚಳಿಗಾಲಕ್ಕಾದರೆ ಬಾಡಿಗೆ ಸ್ಕೀಯೇ ಸಾಕು.