ಕಪ್ಪಿನ ಮೇಲಿನ ಸಣ್ಣ ಅಕ್ಷರ

ತಾಳವಾಡಿಯಿಂದ ಮಸಿನಗುಡಿಗೆ ಹೊರಟವರು ತಮಿಳುನಾಡಿನಿಂದ ತಮಿಳುನಾಡಿಗೇ ಹೋಗುವವರು. ನಡುವಿನ ದಾರಿ ಮಾತ್ರ ಕರ್ನಾಟಕದ್ದು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಕೆಕ್ಕನಹಳ್ಳದ ತಪಾಸಣೆ ಮುಗಿಸಿ, ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಬೇಕು. ಬೇಸಿಗೆ ರಜೆಯ ಮೊದಲ ವಾರ ನಾವು ನಾಲ್ವರೂ ಈ ದಾರಿಯಲ್ಲಿ ನನ್ನ ಅತ್ತಿಗೆಯ, ಎಂದರೆ ಪತ್ನಿಯ ಅಕ್ಕನ, ಮನೆಗೆ ಹೋದೆವು.

ಗುಂಡ್ಲುಪೇಟೆಯಲ್ಲಿ ಮಕ್ಕಳಿಗೆ ಐಸ್‌ಕ್ರೀಂ ಕೊಡಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಮುಂದೆ ಕಾಡು, ಅಲ್ಲಿ ವಾಹನ ನಿಲ್ಲಿಸುವಂತಿಲ್ಲ. ಏಳನೆಯ ತರಗತಿಯ ಮಗಳು ಕಪ್ಪಿನ ಮೇಲಿನ ‘ನಂದಿನಿ’ ಎಂಬ ಮೂರಕ್ಷರವನ್ನು ತಮ್ಮನಿಂದ ಓದಿಸದೆ ಅವನಿಗೆ ಚಮಚ ಕೊಡುವುದಿಲ್ಲ. ಪಠ್ಯಪುಸ್ತಕದ ಅಕ್ಷರವು ತಣ್ಣಗೆ, ಸಿಹಿಯಾಗಿಯೂ ಇರಬಲ್ಲುದೆಂಬುದು ಆ ಹುಡುಗನಿಗೆ ತಿಳಿದದ್ದು ಅಲ್ಲಿಯೇ. ಆದರೆ ಹೆಸರು ಕನ್ನಡದಲ್ಲಿದ್ದರೂ ಕೆಳಗಿನ ಸಣ್ಣ ಅಕ್ಷರಗಳೆಲ್ಲ ಇಂಗ್ಲಿಷಿನವು. ಇದನ್ನು ನಾನು ಗಮನಿಸಲಾರಂಭಿಸಿದ್ದು ಎರಡು ವರ್ಷಗಳಿಂದ ಈಚೆಗೆ.

ಅತ್ತಿಗೆಯ ಮಗನಿಗೆ ಈಗ ಎಂಟು ವರ್ಷ. ಅವನಿಗೆ ಗೋಡಂಬಿ ಆಗದು. ಎರಡು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಬಟರ್‌ಸ್ಕಾಚ್ ಐಸ್‌ಕ್ರೀಂ ತಿಂದ ಸ್ವಲ್ಪ ಹೊತ್ತಿನಲ್ಲಿಯೇ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟತೊಡಗಿತು. ಆಸ್ಪತ್ರೆ ಸಮೀಪದಲ್ಲಿದ್ದುದರಿಂದ ಮಗು ಉಳಿಯಿತು. ಆ ಕಪ್ಪಿನ ಮೇಲೆ ಗೋಡಂಬಿಯಿದೆಯೆಂದು ಮುದ್ರಿಸಿಯೇ ಇತ್ತು. ಓದು ಬಾರದ ತಾಯಂದಿರಿಂದ ಹೀಗಾಗುತ್ತದೆ ಎಂದು ಅಲ್ಲಿದ್ದ ಯಾರೋ ಹೇಳಿದರಂತೆ. ಅತ್ತಿಗೆ ಅದನ್ನು ಇಂದಿಗೂ ಮರೆತಿಲ್ಲ. “ನಾನು ಓದು ಬಾರದವಳಲ್ಲ” ಎಂದು ಈ ಸಲವೂ ಹೇಳಿದರು. ಅವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ತಮಿಳನ್ನೂ ನಿಧಾನವಾಗಿ ಓದುತ್ತಾರೆ. ಶಾಲೆಯಲ್ಲಿ ಕಲಿತ ಇಂಗ್ಲಿಷು ಎಂದೋ ಮರೆತುಹೋಗಿದೆ. ಎರಡು ಲಿಪಿ ಬಲ್ಲ ತಾಯಿಗೆ ಆ ಕಪ್ಪು ಒಂದು ಮಾತನ್ನೂ ಹೇಳಲಿಲ್ಲ.

ಕಾನೂನು ಇಲ್ಲಿ ಏನು ಹೇಳುತ್ತದೆ? ಆಹಾರ ಪೊಟ್ಟಣಗಳ ಲೇಬಲ್ಲಿಗೆ ಸಂಬಂಧಿಸಿದ 2020ರ ವಿನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರತಕ್ಕದ್ದು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಸೇರಿಸಲೇಬೇಕೆಂದೂ ಇಲ್ಲ. ಹಾಲು, ಮೊಟ್ಟೆ, ಸೋಯಾ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು ಇದ್ದರೆ ಪ್ರತ್ಯೇಕವಾಗಿ ಸೂಚಿಸಬೇಕೆಂಬ ಒಳ್ಳೆಯ ನಿಯಮವೂ ಅದರಲ್ಲಿಯೇ ಇದೆ. ಪದಾರ್ಥಗಳ ಪಟ್ಟಿಯ ಆಸುಪಾಸಿನಲ್ಲಿ ‘ಕಂಟೇನ್ಸ್’ ಎಂದು ಆರಂಭವಾಗುವ ಸಾಲು ಅದೇ. ಓದುಗರು ತಮ್ಮ ಮಕ್ಕಳಿಂದ ಅದನ್ನು ಹುಡುಕಿಸಿ ಓದಿಸಬೇಕೆಂದು ನನ್ನ ಕೋರಿಕೆ. ಸಸ್ಯಾಹಾರವೇ ಅಲ್ಲವೇ ಎಂಬುದನ್ನು ತಿಳಿಯಲು ಹಸಿರು ಚುಕ್ಕೆಯಿದೆ. ಅದಕ್ಕೆ ಭಾಷೆ ಬೇಕಿಲ್ಲ. ಗೋಡಂಬಿಗೆ ಅಂಥ ಚುಕ್ಕೆಯಿಲ್ಲ.

ಹೆಸರಿನ ಸಂಗತಿಯೂ ಹೀಗೆಯೇ. ಕೊಬ್ಬು ಕಡಿಮೆಯೆಂದು ಹೇಳಿಕೊಳ್ಳದ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಶೇ 10ಕ್ಕೆ ಕಡಿಮೆಯಿರಬಾರದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿದರೆ ಅದು ‘ಫ್ರೋಜನ್ ಡೆಸರ್ಟ್’. ಅದನ್ನು ತಿನ್ನುವುದು ತಪ್ಪಲ್ಲ, ಮಾರುವುದೂ ಅಪರಾಧವಲ್ಲ. ಈ ಎರಡರ ಜಗಳ 2017ರಲ್ಲಿ ಒಂದು ಜಾಹೀರಾತಿನ ನೆಪದಲ್ಲಿ ಮುಂಬಯಿ ಹೈಕೋರ್ಟಿನವರೆಗೂ ಹೋಗಿತ್ತು. ಹಳ್ಳಿಯ ಅಂಗಡಿಯಲ್ಲಿ ಎರಡಕ್ಕೂ ಹೆಸರು ‘ಐಸ್‌ಕ್ರೀಂ’ ಒಂದೇ.

ಮಸಿನಗುಡಿಯಲ್ಲಿ ಅಂದು ಸಂಜೆ ಎಲ್ಲರೂ ಪೇಟೆಗೆ ನಡೆದೆವು. ಅಂಗಡಿಯೊಂದರ ಫ್ರೀಜರಿನಿಂದ ಮಗಳು ಒಂದೊಂದೇ ಕಪ್ಪನ್ನು ಎತ್ತಿ, ಅಕ್ಷರ ಕೂಡಿಸಿ ಓದಿ, ಹಿಂದಕ್ಕಿಟ್ಟಳು. ಅಂಗಡಿಯವರು ತಾಳ್ಮೆಗೆಡುವ ಮೊದಲೇ ಹೊರಗೆ ಗಂಟೆಯ ಸದ್ದಾಯಿತು. ತಳ್ಳುಗಾಡಿಯ ಕುಲ್ಫಿ. ಮಂಜುಗಡ್ಡೆಯ ನಡುವೆ ತಗಡಿನ ಅಚ್ಚುಗಳು, ಮೇಲೆ ಕಲ್ಲುಪ್ಪು. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತಲೂ ಬಹಳ ಕೆಳಗೆ ತಣ್ಣಗಾಗುತ್ತದೆಂದು ಮಗಳು ತಮ್ಮನಿಗೆ ವಿವರಿಸಿದಳು. ಆ ಪಾಠ ಹೋದ ವರ್ಷ ಆಗಿತ್ತಂತೆ. ಲೇಬಲ್ಲು ಎಂಬುದೇ ಇಲ್ಲ. ವಕೀಲನಾದ ನನಗೆ ಇರಿಸುಮುರಿಸು.

“ತಾತ, ಇದಕ್ಕೆ ಏನೇನು ಹಾಕಿದ್ದೀರಿ?” ಎಂದಳು ಮಗಳು.

“ಹಾಲು, ಸಕ್ಕರೆ, ಏಲಕ್ಕಿ. ಇನ್ನೇನವ್ವಾ?”

“ಗೋಡಂಬಿ?”

“ಈ ದುಡ್ಡಿಗೆ ಗೋಡಂಬೀನೂ ಹಾಕುದ್ರೆ ನಾನು ಗಾಡಿ ಮಾರ್ಕೊಂಡು ಮನೇಲಿ ಕೂರ್ಬೇಕಾಯ್ತದೆ.”

ಬೇರೆ ಬಗೆಯದನ್ನೂ ಇದೇ ಪಾತ್ರೆಯಲ್ಲಿ ಮಾಡುವಿರೇ ಎಂದು ನಾನು ಪಾಟೀಸವಾಲಿಗಿಳಿದೆ. ಮಾಡುವುದು ಇದೊಂದೇ, ಹಾಲು ಕಾಯಿಸುವುದು ಮನೆಯಾಕೆ ಎಂದರು. ಸಣ್ಣ ವ್ಯಾಪಾರಿಯೂ 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಮಾಡಿಸಬೇಕು. ಕೇಳಿದಾಗ ಗಾಡಿಯ ಮುಚ್ಚಳದಡಿಯಿಂದ ಆ ಹಾಳೆಯನ್ನೂ ತೆಗೆದು ತೋರಿಸಿದರು, ಸ್ವಲ್ಪ ಬೇಸರದಿಂದಲೇ. ಬಾಯಿಮಾತು ಲೇಬಲ್ಲಿಗೆ ಸಮವಲ್ಲವೆಂದು ನ್ಯಾಯಾಲಯದಲ್ಲಿ ನಾನೇ ವಾದಿಸಿಯೇನು. ಆದರೆ ಅತ್ತಿಗೆ ಮುಂದೆ ಬಂದು ಅದೇ ಪ್ರಶ್ನೆಯನ್ನು ತಾವೇ ಇನ್ನೊಮ್ಮೆ ಕೇಳಿದರು. ಅದೇ ಉತ್ತರ ಬಂದಿತು. ಆಮೇಲೆ ಮಗನ ಕೈಗೆ ಕಡ್ಡಿ ಕೊಟ್ಟರು.

ಹುಡುಗ ಮೊಣಕೈವರೆಗೂ ಸುರಿಸಿಕೊಂಡು ತಿಂದ, ಇನ್ನೊಂದು ಬೇಕೆಂದ. ನಾವೆಲ್ಲ ತಿಂದು ಮುಗಿಸಿದರೂ ಅತ್ತಿಗೆ ತಮ್ಮದನ್ನು ಕೈಯಲ್ಲೇ ಹಿಡಿದು ಅವನ ತುಟಿಗಳನ್ನೇ ನೋಡುತ್ತ ನಿಂತಿದ್ದರು. ಅವರ ಕುಲ್ಫಿ ಕರಗಿ ಅರ್ಧ ನೆಲದ ಪಾಲಾಗಿತ್ತು.