ಶಾಸ್ತ್ರದಾನ ಮತ್ತು ಶುಲ್ಕದ ರಸೀದಿ

ಮುಂಬಯಿ, ಪುಣೆಗಳ ಕನ್ನಡ ಜೈನ ಕುಟುಂಬಗಳಲ್ಲಿ ಕೃತಕ ಬುದ್ಧಿಮತ್ತೆಯನ್ನು ಬೋಧಿಸಿ ನಾಲ್ಕು ಕಾಸು ಸಂಪಾದಿಸುವ ತರುಣ ತರುಣಿಯರು ಈಗ ಅಪರೂಪವಲ್ಲ. ಅಂಗಡಿಯ ಲೆಕ್ಕಕ್ಕೆ, ಪತ್ರವ್ಯವಹಾರಕ್ಕೆ ಚಾಟ್‌ಜಿಪಿಟಿಯನ್ನು ಹೇಗೆ ಬಳಸಬೇಕು, ಅದರ ಮಾತನ್ನು ಎಲ್ಲಿ ನಂಬಬಾರದು ಎಂದು ಕಲಿಸುವುದೂ ದುಡಿಮೆಯೇ. ಆದರೆ ಅಂತಹ ತರುಣಿಯೊಬ್ಬಳು ಸಮಾಜದ ಸಭಾಭವನದಲ್ಲಿ ತರಗತಿ ನಡೆಸಿ ಶುಲ್ಕ ಕೇಳಿದೊಡನೆ ಹಿರಿಯರಿಗೆ ಶಾಸ್ತ್ರದಾನದ ನೆನಪಾಗುತ್ತದೆ. ಅಭಿಷೇಕದ ಕಲಶಕ್ಕೆ ಲಕ್ಷಗಳ ಸವಾಲು ಕೂಗುವಾಗ ಅದೇ ಹಿರಿಯರಿಗೆ ಅಪರಿಗ್ರಹ ನೆನಪಾಗದು. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದೆಂಬುದು ನಿಜ; ಆದರೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವಳು ಆಕೆ, ಸಮಿತಿಯಲ್ಲ.

ಇದಕ್ಕಿಂತ ಕೆಟ್ಟದ್ದು, ಮಧ್ಯಮಾರ್ಗದಂತೆ ತೋರುವ ಒಂದು ಉಪಾಯ: ಶುಲ್ಕವನ್ನು ಟ್ರಸ್ಟಿನ ಹೆಸರಿನಲ್ಲಿ ಪಡೆದು, ದೇಣಿಗೆಯೆಂದು ಬರೆದು, ತೆರಿಗೆ ಕಡಿತದ ರಸೀದಿ ಕೊಡುವುದು. ಪಾಠಕ್ಕೆ ಪ್ರತಿಯಾಗಿ ಕೊಟ್ಟ ಹಣ ದೇಣಿಗೆಯಲ್ಲ. ಆ ರಸೀದಿಯಿಂದ ಕಲಿಯುವವನು ಕೇಳುವ ತೆರಿಗೆ ಕಡಿತ ಸುಳ್ಳಾಗುತ್ತದೆ, ಟ್ರಸ್ಟಿನ ನೋಂದಣಿಯೂ ಅಪಾಯಕ್ಕೆ ಸಿಲುಕುತ್ತದೆ. ನೇರ ದಾರಿಯೇನೂ ದುರ್ಗಮವಲ್ಲ. ಮಹಾರಾಷ್ಟ್ರದಲ್ಲಿ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಡ. ಮೀರಿದರೆ ಇಂತಹ ತರಬೇತಿಗೆ ಶೇ. 18. ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಿದರಾಯಿತು.

ಬೋಧಕರೆಲ್ಲರೂ ನಿರ್ದೋಷಿಗಳೆಂದಲ್ಲ. ‘ಎರಡು ದಿನ ಕಲಿಯಿರಿ, ತಿಂಗಳಿಗೆ ಲಕ್ಷ ಗಳಿಸಿರಿ’ ಎಂಬ ಪೊಳ್ಳು ಜಾಹೀರಾತು ಸತ್ಯಾಣುವ್ರತಕ್ಕೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೂ ವಿರುದ್ಧ.

ಸಭಾಭವನದ ಬಾಡಿಗೆಯನ್ನು ಬೋಧಕಿ ಕೊಡಲಿ. ಕಲಿಯುವವರು ಶುಲ್ಕ ಕೊಡಲಿ. ಬಡ ವಿದ್ಯಾರ್ಥಿಗಳ ಶುಲ್ಕವನ್ನು ಸವಾಲಿನ ಹಣದಿಂದ ಸಮಾಜವೇ ಭರಿಸಲಿ.