ಶೋಕದ ಹಾಡು ಪಾಪವೇ?

ಹಾಡುಗಳನ್ನು ದೇವರದು, ಸೈತಾನನದು ಎಂದು ವಿಂಗಡಿಸುವ ವಾಡಿಕೆ ಹಳೆಯದು. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನಾಂಗದಲ್ಲಿ ಹುಟ್ಟಿದ ‘ಬ್ಲೂಸ್’ ಎಂಬ ಶೋಕಗಾನವನ್ನು ಅಲ್ಲಿನ ಚರ್ಚುಗಳ ಹಿರಿಯರನೇಕರು ಸೈತಾನನ ಸಂಗೀತವೆಂದೇ ದೂರವಿಟ್ಟರು. ಈ ತೀರ್ಪನ್ನು ಒರೆಗೆ ಹಚ್ಚಲು ಬಿ.ಬಿ. ಕಿಂಗ್ ಅವರ ಬಾಳು ತಕ್ಕ ನಿದರ್ಶನ.

1925ರಲ್ಲಿ ಮಿಸಿಸಿಪ್ಪಿಯ ಬಡ ಗೇಣಿದಾರರ ಮನೆಯಲ್ಲಿ ಹುಟ್ಟಿದ ಕಿಂಗ್ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಗಿಟಾರಿನ ಮೊದಲ ಪಾಠ ದೊರೆತದ್ದು ಧರ್ಮಬೋಧಕರೊಬ್ಬರಿಂದ. ಯೌವನದಲ್ಲಿ ಬೀದಿಬದಿ ನಿಂತು ಭಕ್ತಿಗೀತೆ ಹಾಡಿದರೆ ಜನರು ಹೊಗಳಿ ನಡೆಯುತ್ತಿದ್ದರು, ಬ್ಲೂಸ್ ಹಾಡಿದರೆ ಕಾಸು ಕೊಡುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಾದರೆ ಹಣಕ್ಕಾಗಿಯೇ ದಾರಿ ಬದಲಿಸಿದರೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ 1956ರ ಒಂದೇ ವರ್ಷದಲ್ಲಿ ಊರೂರು ಅಲೆದು 342 ಸಂಗೀತ ಕಚೇರಿ ನಡೆಸಿದ, 1970ರಲ್ಲಿ ಷಿಕಾಗೋದ ಕುಕ್ ಕೌಂಟಿ ಸೆರೆಮನೆಯ ಬಂದಿಗಳ ಮುಂದೆ ನುಡಿಸಿದ ಬಾಳನ್ನು ಹಣದಾಸೆಯೊಂದರಿಂದಲೇ ವಿವರಿಸಲಾಗದು.

ಇಲ್ಲಿ ಒಂದು ವಿವೇಚನೆ ಅಗತ್ಯ. ಶೋಕ ಬೇರೆ, ಹತಾಶೆ ಬೇರೆ. ಹತಾಶನಾದವನು ಬಾಯಿ ಮುಚ್ಚುತ್ತಾನೆ. ಶೋಕಿಸುವವನು ಕೇಳುವವರಿದ್ದಾರೆಂಬ ನಂಬಿಕೆಯಿಂದಲೇ ದನಿ ಎತ್ತುತ್ತಾನೆ. ಕೀರ್ತನೆಗಳ ಗ್ರಂಥದಲ್ಲಿ ದೇವರಿಗೆ ಮೊರೆಯಿಟ್ಟು ಗೋಳಾಡುವ ಕೀರ್ತನೆಗಳು ಅದೆಷ್ಟು! ಕಿಂಗ್ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದರು; ಅದಕ್ಕೆ ಉತ್ತರವಾಗಿ ಗಿಟಾರ್ ನಡುಗುವ ಒಂಟಿ ಸ್ವರದಲ್ಲಿ ಮಾತನಾಡುತ್ತಿತ್ತು. ಅಳಲಿಗೆ ಮರುದನಿಯುಂಟು ಎಂಬುದೇ ಆ ಸಂಗೀತದ ಹಂದರ.

ತಮ್ಮ ಗಿಟಾರುಗಳಿಗೆ ಅವರು ‘ಲುಸಿಲ್’ ಎಂದು ಹೆಸರಿಟ್ಟಿದ್ದರು. 1997ರಲ್ಲಿ ವ್ಯಾಟಿಕನ್ನಿನ ಕ್ರಿಸ್ಮಸ್ ಸಂಗೀತ ಕಚೇರಿಗೆ ಬಂದಾಗ ಅಂತಹ ಒಂದು ಲುಸಿಲ್‌ಅನ್ನು ಜಗದ್ಗುರು ದ್ವಿತೀಯ ಜಾನ್ ಪೌಲರಿಗೆ ಕಾಣಿಕೆಯಾಗಿತ್ತರು. ಸೈತಾನನದೆಂದು ಹೊಸ್ತಿಲಾಚೆ ಇಟ್ಟಿದ್ದ ಸಂಗೀತ ಸಂತ ಪೇತ್ರರ ಉತ್ತರಾಧಿಕಾರಿಯ ಕೈ ಸೇರಿತು. 2015ರಲ್ಲಿ, 89ನೆಯ ವಯಸ್ಸಿನಲ್ಲಿ ಕಿಂಗ್ ತೀರಿಕೊಂಡರು.

ಎಲ್ಲ ಹಾಡುಗಳೂ ಬಲಿಪೂಜೆಗೆ ಸಲ್ಲುವುದಿಲ್ಲ, ನಿಜ. ಪೂಜೆಗೆ ಸಲ್ಲದ್ದೆಲ್ಲವೂ ಪಾಪವೆಂಬುದು ಮಾತ್ರ ತಪ್ಪು ತರ್ಕ. ಪ್ರಿಯ ಹೆತ್ತವರೇ, ನಿಮ್ಮ ಮಗನೋ ಮಗಳೋ ಕೋಣೆಯಲ್ಲಿ ಕುಳಿತು ದುಃಖದ ರಾಗವೊಂದನ್ನು ನುಡಿಸುತ್ತಿದ್ದರೆ ಗದರಿಸಿ ನಿಲ್ಲಿಸಬೇಡಿರಿ. ಬಾಯಿಬಿಟ್ಟು ನಿಮಗೆ ಹೇಳಲಾಗದ ಯಾವುದೋ ನೋವು ಆ ತಂತಿಗಳಲ್ಲಿರಬಹುದು. ಪಕ್ಕದಲ್ಲಿ ಕುಳಿತು ಆಲಿಸಿರಿ. ಮಕ್ಕಳ ಅಳಲಿಗೆ ಮೊದಲ ಮರುದನಿ ಮನೆಯಿಂದಲೇ ಬರಲಿ.